ಓವನ್ ಎರರ್ ಕೋಡ್ ತೋರಿಸ್ತಿದೆಯಾ? ಬೋರ್ಡ್ ಬದಲಿಸುವ ಮುಂಚೆ ಇಷ್ಟು ನೋಡಿ

ಕಳೆದ ಮೇ ತಿಂಗಳು. ಕಲಬುರಗಿ ಬಿಸಿಲು ಗೊತ್ತೇ ಇದೆ, ಹೊರಗೆ ಕಾಲಿಡೋಕೆ ಆಗಲ್ಲ, ಅಡುಗೆಮನೆ ಒಳಗೂ 38 ಡಿಗ್ರಿ. ಇಂಥ ಹೊತ್ತಲ್ಲಿ ಓವನ್ ಹಚ್ಚುವವರು ಯಾರು ಅಂತ ಕೇಳಬೇಡಿ. ಮಗಳು ರಜೆಗೆ ಬಂದಿದ್ದಳು, ನಾನ್‌ಖಟಾಯಿ ಬೇಕು ಅಂದಳು, ಹಚ್ಚಿದೆ. ಹತ್ತು ನಿಮಿಷ ಆಗಿರಬೇಕು, ಕುಂಯ್ ಕುಂಯ್ ಅಂತ ಶುರುವಾಯಿತು. ಪರದೆ ಮೇಲಿದ್ದ ಟೈಮ್ ಹೋಗಿ ಎಫ್3 ಅಂತ ಬಂತು. ಒಳಗಿನ ಕೋಣೆಯಿಂದಲೇ ಅವ್ವ, "ಏನದು, ಕೂಸಿನಂಗ ಅಳ್ಲಾಕತ್ತದ?" ಅಂದಳು.

ಮರುದಿನ ರಿಪೇರಿಯವರು ಬಂದರು. ಪರದೆ ನೋಡಿದರು, ಎರಡು ಬಟನ್ ಒತ್ತಿದರು. "ಬೋರ್ಡ್ ಹೋಗ್ಯಾದ್ರೀ, ಹನ್ನೊಂದು ಸಾವಿರ ಆಗ್ತದ" ಅಂದರು. ಚೀಲದಿಂದ ಮೀಟರ್ ಹೊರಗೇ ತೆಗೆಯಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಕಳಿಸಿದೆ. ಕೊನೆಗೆ ಸಿಕ್ಕ ತಪ್ಪು ಓವನ್ ಹಿಂದೆ ಇದ್ದ, ತಂತಿಗಳನ್ನು ಜೋಡಿಸುವ ಒಂದು ಸಣ್ಣ ಪ್ಲಾಸ್ಟಿಕ್ ಕನೆಕ್ಟರ್. ಖರ್ಚಾಗಿದ್ದು ಒಂದು ಮಲ್ಟಿಮೀಟರ್‌ಗೆ ಕೊಟ್ಟ ನಾಲ್ಕುನೂರೈವತ್ತು ರೂಪಾಯಿ, ಆ ಮೀಟರ್ ಈಗಲೂ ನನ್ನ ಹತ್ತಿರವೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಡ್ ಅಂದರೆ ಏನು

ಬೋರ್ಡ್ ಅಂದರೆ ಓವನ್ ನಡೆಸುವ ಒಳಗಿನ ಎಲೆಕ್ಟ್ರಾನಿಕ್ ಹಲಗೆ. ಅದಕ್ಕೆ ಕಣ್ಣಿಲ್ಲ, ಅದಕ್ಕಿರುವುದು ತಂತಿಗಳು ಮಾತ್ರ. ಒಂದು ತಂತಿ ಶಾಖ ಅಳೆಯುವ ಸೆನ್ಸರ್‌ಗೆ ಹೋಗುತ್ತದೆ, ಒಂದು ಬಾಗಿಲ ಸ್ವಿಚ್ಚಿಗೆ, ಒಂದು ಬಟನ್‌ಗಳಿಗೆ, ಒಂದು ಪರದೆಗೆ. ಯಾವುದೋ ತಂತಿಯಿಂದ ಅಸಂಬದ್ಧ ಸುದ್ದಿ ಬಂದರೆ, ಅಥವಾ ಸುದ್ದಿಯೇ ನಿಂತರೆ, ಆ ತಂತಿಗೆ ಗೊತ್ತು ಮಾಡಿದ ಕೋಡ್ ಹಾಕಿ ಕೂಗುತ್ತದೆ, ಅಷ್ಟೇ. ಸೆನ್ಸರ್ ಸತ್ತಿದೆಯಾ, ತಂತಿ ಇಲಿ ಕಡಿದಿದೆಯಾ, ಕನೆಕ್ಟರ್ ಸಡಿಲವಾಗಿದೆಯಾ, ಇಲ್ಲ ತನ್ನದೇ ಒಂದು ಭಾಗ ಕೆಟ್ಟಿದೆಯಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ನಾಲ್ಕಕ್ಕೂ ಒಂದೇ ಕೋಡ್. ನಾಲ್ಕರಲ್ಲಿ ಬೋರ್ಡ್ ಎಲ್ಲಕ್ಕಿಂತ ದುಬಾರಿ, ಹಾಗಾಗಿ ಅದನ್ನು ಕೊನೆಗೆ ಅನುಮಾನಿಸಬೇಕು. ಆದರೆ ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಇನ್ನೊಂದು ವಿಷಯ, ಕೋಡ್‌ಗಳು ಎಲ್ಲ ಕಂಪನಿಗೂ ಒಂದೇ ಅಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಜಾಸ್ತಿ ಸಿಗುವುದು ಅಮೆರಿಕದ ಓವನ್‌ಗಳ ಪಟ್ಟಿ. ಹಳೆಯ ಜಿಇ ಓವನ್‌ಗಳಲ್ಲಿ ಎಫ್2 ಅಂದರೆ ಒಳಗೆ ಶಾಖ ಮಿತಿಮೀರಿದೆ ಅಂತ. ವರ್ಲ್‌ಪೂಲ್‌ನಲ್ಲಿ ಎಫ್2 ಇ0 ಅಂದರೆ ಬಟನ್ ಸಿಕ್ಕಿಕೊಂಡಿದೆ ಅಂತ. ಒಂದರಲ್ಲಿ ತಕ್ಷಣ ಕರೆಂಟ್ ತೆಗೆಯಬೇಕು, ಇನ್ನೊಂದರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೂ ಸಾಕಾಗಬಹುದು. ಹಾಗಾಗಿ ಮೊದಲು ಮಾಡೆಲ್ ನಂಬರ್ ನೋಡಿ. ಬಾಗಿಲು ತೆಗೆದರೆ ಚೌಕಟ್ಟಿನ ಅಂಚಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಫೋಟೊ ಹೊಡೆದುಕೊಳ್ಳಿ, ಆ ನಂಬರ್ ಹಾಕಿ ಮ್ಯಾನುವಲ್ ಇಳಿಸಿಕೊಳ್ಳಿ. ಪರದೆ ಮೇಲೆ ಕೋಡ್ ಇರುವಾಗಲೇ ಅದರದ್ದೂ ಒಂದು ಫೋಟೊ ಇರಲಿ. ಆಫ್ ಮಾಡಿ ಆನ್ ಮಾಡಿದ ಮೇಲೆ "ಎಫ್ ಏನೋ ಇತ್ತು" ಅಂದರೆ ಯಾರಿಗೂ ಉಪಯೋಗವಿಲ್ಲ.

ಕೆಲವು ಎರರ್‌ಗಳು ಎರರ್ರೇ ಅಲ್ಲ

ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ 12:00 ಅಂತಲೋ 00:00 ಅಂತಲೋ ಮಿಣುಕುತ್ತದೆ. ಟೈಮ್ ಸೆಟ್ ಮಾಡುವ ತನಕ ಎಷ್ಟೋ ಓವನ್‌ಗಳು ಬಿಸಿಯೇ ಆಗಲ್ಲ. ನಮ್ಮ ಪರಿಚಯದವರೊಬ್ಬರು ಇದಕ್ಕೇ ವಿಸಿಟಿಂಗ್ ಚಾರ್ಜ್ ಕೊಟ್ಟಿದ್ದಾರೆ. ಬಂದವರು ಟೈಮ್ ಸೆಟ್ ಮಾಡಿ, ಚಹಾ ಕುಡಿದು ಹೋದರು.

ಬೀಗದ ಚಿತ್ರ, ಕೀಲಿಯ ಚಿತ್ರ, ಎಲ್-ಒ-ಸಿ ಅನ್ನುವ ಅಕ್ಷರಗಳು ಬಂದರೆ ಅದು ಮಕ್ಕಳು ಮುಟ್ಟದಿರಲಿ ಅಂತ ಇರುವ ಚೈಲ್ಡ್ ಲಾಕ್. ಆ ಬಟನ್ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಲೈಟ್ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಎಷ್ಟು ಹೊತ್ತಾದರೂ ಬಿಸಿ ಆಗಲ್ಲ ಅಂದರೆ ಡೆಮೊ ಮೋಡ್‌ನಲ್ಲಿ ಇರಬಹುದು. ಅದು ಅಂಗಡಿಯಲ್ಲಿ ತೋರಿಸೋಕೆ ಇಡುವ ಸೆಟ್ಟಿಂಗ್, ಮ್ಯಾನುವಲ್‌ನಲ್ಲಿ ತೆಗೆಯುವ ದಾರಿ ಇರುತ್ತದೆ. ಸ್ಯಾಮ್‌ಸಂಗ್‌ನ ಕೆಲವು ಓವನ್‌ಗಳಲ್ಲಿ ಎಸ್-01 ಬರುತ್ತದೆ, ಅದು ತುಂಬ ಹೊತ್ತು ಉರಿದಿದ್ದಕ್ಕೆ ತಾನೇ ಆರಿಸಿಕೊಂಡಿದ್ದು. ತಣ್ಣಗಾಗಲು ಬಿಡಿ, ಸಾಕು.

ಕೈ ಹಾಕುವ ಮುಂಚೆ

ಇದೊಂದು ಗಟ್ಟಿಯಾಗಿ ಹೇಳಿಬಿಡ್ತೀನಿ. ನಿಮ್ಮದು ಕನ್ವೆಕ್ಷನ್ ಮೈಕ್ರೋವೇವ್ ಆಗಿದ್ದರೆ ಅದರ ಕವರ್ ಬಿಚ್ಚಲೇಬೇಡಿ. ಮೈಕ್ರೋವೇವ್ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅನ್ನೋ ಭಾಗದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ, ಜೀವ ತೆಗೆಯುತ್ತದೆ. ಅದರಲ್ಲಿ ಹೊರಗಿನಿಂದ ಮಾಡಬಹುದಾದ್ದು ಮಾತ್ರ ಮಾಡಿ. ಅಂದರೆ ಪ್ಲಗ್, ಬಾಗಿಲು, ಬಟನ್ ಸ್ವಚ್ಛತೆ, ಗಾಳಿ ಕಿಂಡಿ. ಕೆಳಗೆ ಹೇಳುವ ಸೆನ್ಸರ್ ಕೆಲಸ ಬರೀ ಎಲೆಕ್ಟ್ರಿಕ್ ಓವನ್‌ಗೆ. ಗುಬುಟು ತಿರುಗಿಸುವ ಸಾದಾ ಓಟಿಜಿಗೆ ಕೋಡ್‌ಗೀಡ್ ಏನೂ ಬರಲ್ಲ, ಅವರು ಆರಾಮ.

ಓವನ್‌ನ ಬಟನ್ ಒತ್ತಿ ಆರಿಸಿದರೆ ಆಫ್ ಆಯಿತು ಅಂತ ಅಲ್ಲ. 16 ಆಂಪ್ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಹೊರಗೆ ಇಡಿ. ಪ್ಲಗ್ ಇಲ್ಲದೆ ನೇರ ವೈರಿಂಗ್ ಇದ್ದರೆ ಎಂಸಿಬಿ ಇಳಿಸಿ, ಅದರ ಮೇಲೆ ಟೇಪ್ ಅಂಟಿಸಿ, ಮನೆಯವರಿಗೂ ಹೇಳಿ. ಯಾರೋ ಪಾಪ ಸಹಾಯ ಮಾಡೋಣ ಅಂತ ಎತ್ತಿಬಿಟ್ಟರೆ ಕಷ್ಟ.

ಮೊದಲ ಮದ್ದು ರೀಸೆಟ್. ಎಲ್ಲರಿಗೂ ಗೊತ್ತು, ಆದರೆ ಸರಿಯಾಗಿ ಮಾಡುವವರು ಕಡಿಮೆ. ಟಕ್ ಅಂತ ಆಫ್ ಮಾಡಿ ಟಕ್ ಅಂತ ಆನ್ ಮಾಡಿದರೆ ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್‌ನಲ್ಲೇ ಅದರ ಚಿಪ್ ಎಚ್ಚರವಾಗಿರುತ್ತದೆ, ಹಳೆ ದೂರನ್ನೇ ಮತ್ತೆ ಹೇಳುತ್ತದೆ. ನಾನು ಹತ್ತು ನಿಮಿಷ ಬಿಡುತ್ತೇನೆ. ಆಮೇಲೆ ಹಚ್ಚಿ ನೋಡಿ. ಕೋಡ್ ಮತ್ತೆ ಬರದಿದ್ದರೆ ಅದು ಕರೆಂಟ್ ಏರುಪೇರಿನಿಂದ ಬಂದಿರಬಹುದು. ತಕ್ಷಣ ಬಂದರೆ ತಂತಿ, ಬಟನ್ ಇಂಥದ್ದು. ಬಿಸಿಯಾದ ಮೇಲೆ ಹತ್ತಿಪ್ಪತ್ತು ನಿಮಿಷಕ್ಕೆ ಬಂದರೆ ಶಾಖಕ್ಕೆ ಸಂಬಂಧಪಟ್ಟದ್ದು, ಅಂದರೆ ಸೆನ್ಸರ್, ಸಡಿಲ ಕನೆಕ್ಟರ್, ಇಲ್ಲ ಕೂಲಿಂಗ್ ಫ್ಯಾನ್. ಯಾವಾಗ ಬರುತ್ತದೆ ಅನ್ನೋದನ್ನು ಬರೆದಿಡಿ, ಕೋಡ್‌ನಷ್ಟೇ ಅದೂ ಮುಖ್ಯ.

ನಮ್ಮ ಕಡೆಯ ಕರೆಂಟು, ಬಿಸಿಲು, ಧೂಳು

ಮ್ಯಾನುವಲ್ ಬರೆದವರು ನಮ್ಮೂರಿನ ಮೇ ತಿಂಗಳನ್ನು ನೋಡಿಲ್ಲ. ಹಾಗಾಗಿ ಈ ಭಾಗ ಮ್ಯಾನುವಲ್‌ನಲ್ಲಿ ಸರಿಯಾಗಿ ಸಿಗಲ್ಲ.

ಓವನ್ 230 ವೋಲ್ಟ್‌ಗೆ ಮಾಡಿದ್ದು. ಸಂಜೆ ಎಲ್ಲರ ಮನೆಯಲ್ಲೂ ಎಸಿ, ಕೂಲರ್, ಬೋರ್ ಮೋಟಾರು ಒಟ್ಟಿಗೆ ಓಡುವಾಗ ನಮ್ಮ ಮನೆಯಲ್ಲಿ 180 ನೋಡಿದ್ದೇನೆ. ವೋಲ್ಟೇಜ್ ಕಡಿಮೆಯಾದರೆ ಶಾಖ ಅದೇ ಲೆಕ್ಕದಲ್ಲಿ ಇಳಿಯಲ್ಲ, ಅದಕ್ಕಿಂತ ಜೋರಾಗಿ ಇಳಿಯುತ್ತದೆ. 2000 ವಾಟ್‌ನ ಕಾಯಿಲ್ 180 ವೋಲ್ಟ್‌ನಲ್ಲಿ ಕೊಡುವುದು ಸುಮಾರು 1225 ವಾಟ್ ಮಾತ್ರ. ಹದಿನೈದು ನಿಮಿಷಕ್ಕೆ ಆಗಬೇಕಾದ ಪ್ರೀಹೀಟ್ ಅರ್ಧ ಗಂಟೆ ಹಿಡಿದರೆ ಓವನ್ ಕೆಟ್ಟಿದೆ ಅಂದುಕೊಳ್ಳಬೇಡಿ, ಬೆಳಿಗ್ಗೆ ಎಂಟು ಗಂಟೆಗೆ ಅದೇ ಓವನ್ ಹಚ್ಚಿ ನೋಡಿ. ಬೆಳಿಗ್ಗೆ ಸರಿ, ಸಂಜೆ ಕೋಡ್ ಅಂದರೆ ತಪ್ಪು ಎಲ್ಲಿದೆ ಗೊತ್ತಾಯಿತಲ್ವಾ? ಇಡೀ ಬೀದಿಯಲ್ಲಿ ಹೀಗೇ ಇದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ನಿಮ್ಮ ಮನೆಯಲ್ಲಿ ಮಾತ್ರ ಇದ್ದರೆ ಮೀಟರ್ ಬೋರ್ಡಿನಲ್ಲಿ ಎಲ್ಲೋ ನ್ಯೂಟ್ರಲ್ ಸಡಿಲ ಇರಬಹುದು, ಎಲೆಕ್ಟ್ರಿಷಿಯನ್‌ನನ್ನು ಆ ದಿನವೇ ಕರೆಸಿ, ಅದು ಓವನ್ ಒಂದನ್ನೇ ಅಲ್ಲ, ಟಿವಿ ಫ್ರಿಜ್ ಎಲ್ಲವನ್ನೂ ಸುಡಬಲ್ಲದು.

ಸಾಕೆಟ್ ನೋಡಿ. ಅರ್ಧ ಗಂಟೆ ಓವನ್ ನಡೆದ ಮೇಲೆ ಆಫ್ ಮಾಡಿ ಪ್ಲಗ್ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಬಿಸಿ ಇದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಸ್ಕ್ರೂ ಸಡಿಲ ಇದೆ. 3000 ವಾಟ್‌ನ ಓವನ್ 13 ಆಂಪ್ ಎಳೆಯುತ್ತದೆ, ಸಡಿಲ ಜಾಗದಲ್ಲಿ ಕಿಡಿ ಹಾರುತ್ತದೆ, ಆ ಕಿಡಿಗೆ ಬೋರ್ಡ್ ಬೆದರುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ. ಫ್ರಿಜ್‌ಗೆ ತಂದ ಸಣ್ಣ ಸ್ಟೆಬಿಲೈಸರ್‌ಗೂ ಓವನ್ ಹಚ್ಚಬೇಡಿ, ಅದಕ್ಕೆ ಈ ಭಾರ ತಡೆಯಲ್ಲ.

ಅರ್ಥಿಂಗ್ ಬಗ್ಗೆ ಒಂದು ಮಾತು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದು ಕಡಿಮೆಯಾಗುತ್ತದೆ. ಓವನ್ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ, ಟಚ್ ಬಟನ್‌ಗಳು ಯಾರೂ ಮುಟ್ಟದೆಯೇ ಒತ್ತಿದ ಹಾಗೆ ಆಡಬಹುದು. ಮನೆ ಹಿಂದಿನ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿ. ಹಳೆ ಕಾಲದವರು ಇದನ್ನು ತಪ್ಪದೆ ಮಾಡುತ್ತಿದ್ದರು. ನೀರು ಹಾಕಿದ ಮೇಲೂ ಜುಮ್ ಅಂದರೆ ಓವನ್ ಬಳಸಬೇಡಿ, ಎಲೆಕ್ಟ್ರಿಷಿಯನ್ ನೋಡಲಿ.

ಆಮೇಲೆ ಶಾಖ. ಕಪಾಟಿನಲ್ಲಿ ಕೂರಿಸುವ ಓವನ್‌ಗೆ ಹಿಂದೆ, ಕೆಳಗೆ ಗಾಳಿ ಆಡಲು ಜಾಗ ಬೇಕು. ನಮ್ಮ ಕಡೆ ಏನಾಗುತ್ತದೆ ಅಂದರೆ, ಅಡುಗೆ ಕಟ್ಟೆಗೆ ಒಳ್ಳೆ ದಪ್ಪ ಶಹಾಬಾದ್ ಕಲ್ಲು ಹಾಕಿಸುತ್ತೇವೆ, ಬಡಗಿ ಬಂದು ಜಿರಲೆ ಬರದಿರಲಿ ಅಂತ ಪ್ಲೈವುಡ್ ಹೊಡೆದು ಎಲ್ಲ ಕಿಂಡಿ ಮುಚ್ಚಿ ಹೋಗುತ್ತಾನೆ. ನೋಡೋಕೆ ಚೆಂದ. ಒಳಗೆ ಬೋರ್ಡ್ ಬೇಯುತ್ತಿರುತ್ತದೆ. ಮ್ಯಾನುವಲ್‌ನಲ್ಲಿ ಎಷ್ಟು ಇಂಚು ಬಿಡಬೇಕು ಅಂತ ಚಿತ್ರ ಸಮೇತ ಇರುತ್ತದೆ, ಅಷ್ಟು ಕೊರೆಸಿ. ಓವನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಫ್ಯಾನ್ ತಿರುಗುತ್ತಲೇ ಇರುತ್ತದೆ. ಅದು ಬೋರ್ಡ್ ತಣ್ಣಗೆ ಮಾಡುವ ಫ್ಯಾನ್. ಕರೆಂಟ್ ಉಳಿಸೋಣ ಅಂತ ಮೇನ್ ಸ್ವಿಚ್ ಆರಿಸಬೇಡಿ, ಅದು ತಾನೇ ನಿಲ್ಲಲಿ. ಆ ಫ್ಯಾನ್ ಸದ್ದೇ ಬರುತ್ತಿಲ್ಲ, ಇಲ್ಲ ಕಿರ್ರ್ ಅನ್ನುತ್ತಿದೆ ಅಂದರೆ ಧೂಳು ತುಂಬಿರಬಹುದು. ತೊಗರಿ ರಾಶಿ ಹೊತ್ತಿಗೆ ಹೊಲದ ಧೂಳು, ಉಳಿದ ದಿನ ರಸ್ತೆ ಧೂಳು, ಸೇಡಂ ಶಹಾಬಾದ್ ಕಡೆಯವರಿಗೆ ಕಲ್ಲಿನ ಪುಡಿ ಬೇರೆ. ಪ್ಲಗ್ ಕಿತ್ತು, ಹೊರಗಿನ ಕಿಂಡಿಗಳನ್ನು ಒಣ ಬ್ರಷ್ ಹಾಗೂ ವ್ಯಾಕ್ಯೂಮ್‌ನಿಂದ ಆರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿ.

ಬಟನ್ ಕೋಡ್

ಫ್ರಿಜಿಡೇರ್‌ನಲ್ಲಿ ಎಫ್11, ಜಿಇಯಲ್ಲಿ ಎಫ್7, ಬಾಷ್‌ನಲ್ಲಿ ಇ011, ಸ್ಯಾಮ್‌ಸಂಗ್‌ನ ಕೆಲವು ಮಾಡೆಲ್‌ಗಳಲ್ಲಿ ಎಸ್‌ಇ. ಎಲ್ಲದರ ಅರ್ಥ ಒಂದೇ, ಯಾವುದೋ ಬಟನ್ ಒತ್ತಿದ ಹಾಗೇ ಇದೆ. ನಾವು ಹಿಟ್ಟು ಕಲಸಿದ ಕೈಯಲ್ಲೇ ಒತ್ತುತ್ತೇವೆ, ತುಪ್ಪ ಸಕ್ಕರೆ ಪುಡಿ ಸಂದಿಗೆ ಇಳಿದು ಗಟ್ಟಿಯಾಗುತ್ತದೆ. ಪ್ಲಗ್ ಕಿತ್ತು ಉಗುರು ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಬಿಡಿ. ಸ್ಪ್ರೇ ನೇರ ಪ್ಯಾನೆಲ್ ಮೇಲೆ ಹೊಡೆಯಬೇಡಿ, ಒಳಗೆ ಇಳಿದರೆ ಇಲ್ಲದ ರೋಗ ಬರುತ್ತದೆ. ಒಲೆಯ ಮೇಲೆ ಕಡುಬು ಬೇಯಿಸಿದ ಹಬೆ ಪ್ಯಾನೆಲ್‌ಗೆ ಬಡಿದಿದ್ದರೆ ಬರೀ ಒಣಗಲು ಬಿಟ್ಟರೂ ಕೋಡ್ ಹೋಗಬಹುದು. ಹೋಗದಿದ್ದರೆ ಪ್ಯಾನೆಲ್ ಹಿಂದಿನ ರಿಬ್ಬನ್ ಕೇಬಲ್ ಕಿತ್ತು ಕೂರಿಸಬೇಕು, ಅದು ನಾಜೂಕು ಕೆಲಸ, ಅಭ್ಯಾಸ ಇದ್ದವರಿಗೆ ಬಿಡಿ.

ಸೆನ್ಸರ್ ಕೋಡ್, ನನ್ನ ಕಥೆ

ಜಿಇ ಎಫ್3, ಎಫ್4. ಫ್ರಿಜಿಡೇರ್ ಎಫ್30, ಎಫ್31. ವರ್ಲ್‌ಪೂಲ್ ಎಫ್3 ಇ0. ಕೋಡ್‌ಗಳಲ್ಲಿ ಮನೆಯಲ್ಲೇ ಪಕ್ಕಾ ಪರೀಕ್ಷೆ ಮಾಡಬಹುದಾದ್ದು ಇದೊಂದೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ಓವನ್ ಒಳಗೆ ಹಿಂದಿನ ಗೋಡೆಯ ಮೇಲಿನ ಮೂಲೆಯಲ್ಲಿ ಪೆನ್ಸಿಲ್ ದಪ್ಪದ, ಬೆರಳುದ್ದದ ಒಂದು ಲೋಹದ ಕಡ್ಡಿ ಕಾಣುತ್ತದೆ. ಅದೇ ಸೆನ್ಸರ್. ಅದರ ತುದಿಯಲ್ಲಿ ಪ್ಲಾಟಿನಂ ಇರುತ್ತದೆ. ಬಿಸಿ ಹೆಚ್ಚಾದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಒಡ್ಡುವ ತಡೆ (ಓಂ ಲೆಕ್ಕದಲ್ಲಿ ಅಳೆಯುವುದು), ಹೆಚ್ಚುತ್ತದೆ, ಬೋರ್ಡ್ ಅದನ್ನು ಓದಿ ಡಿಗ್ರಿ ಲೆಕ್ಕ ಹಾಕುತ್ತದೆ. ಹೆಚ್ಚಾಗಿ ಬಳಸುವುದು ಪಿಟಿ1000 ಅನ್ನೋ ಜಾತಿ. ಸೊನ್ನೆ ಡಿಗ್ರಿಯಲ್ಲಿ ಸರಿಯಾಗಿ 1000 ಓಂ, ಒಂದೊಂದು ಡಿಗ್ರಿಗೆ ಸುಮಾರು 3.85 ಓಂ ಏರಿಕೆ. ಅಮೆರಿಕದ ವಿಡಿಯೊಗಳಲ್ಲಿ "ರೂಮಿನ ಶಾಖದಲ್ಲಿ 1080 ಓಂ ಇರಬೇಕು" ಅನ್ನುತ್ತಾರೆ. ಅವರ ರೂಮು 21 ಡಿಗ್ರಿ. ನಮ್ಮ ರೂಮು ಮೇ ತಿಂಗಳಲ್ಲಿ 38. ಇಲ್ಲಿ ಅದು 1147ರ ಆಸುಪಾಸು ಬರಬೇಕು. ನಾನು ಮೊದಲ ಸಲ 1147 ನೋಡಿ ಸೆನ್ಸರ್ ಕೆಟ್ಟಿದೆ ಅಂತಲೇ ತಿಳಿದುಕೊಂಡಿದ್ದೆ, ಆಮೇಲೆ ಲೆಕ್ಕ ಹಾಕಿದಾಗ ನಗು ಬಂತು. ಸೆನ್ಸರ್ ಸರಿಯಾಗಿಯೇ ಇತ್ತು, ಬಿಸಿಲು ನಮ್ಮದು.

ಕೆಲವು ಓವನ್‌ಗಳಲ್ಲಿ ಪಿಟಿ500 ಇರುತ್ತದೆ, ಅದರಲ್ಲಿ ಎಲ್ಲ ಅಂಕಿ ಅರ್ಧ. 25 ಡಿಗ್ರಿಗೆ ಸುಮಾರು 549 ಓಂ. ಇನ್ನು ಕೆಲವದರಲ್ಲಿ ಎನ್‌ಟಿಸಿ, ಅದು ಉಲ್ಟಾ, ಬಿಸಿಯಾದರೆ ಓಂ ಇಳಿಯುತ್ತದೆ. ನಿಮ್ಮದು ಯಾವುದು ಅಂತ ಮಾಡೆಲ್ ನಂಬರ್‌ನಿಂದ ನೋಡಿಕೊಳ್ಳಿ.

ಅಳೆಯುವುದು ಹೀಗೆ. ಪ್ಲಗ್ ಕಿತ್ತಿರಲಿ, ಓವನ್ ಪೂರ್ತಿ ತಣ್ಣಗಿರಲಿ. ಒಳಗಿನಿಂದ ಸೆನ್ಸರ್‌ನ ಎರಡು ಸ್ಕ್ರೂ ಬಿಚ್ಚಿ, ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಹಿಂದೆ ತಂತಿ, ತಂತಿಯ ಕೊನೆಗೆ ಕನೆಕ್ಟರ್ ಬರುತ್ತದೆ. ಕನೆಕ್ಟರ್ ಬಿಡಿಸುವ ಮುಂಚೆ ಓವನ್ ಕಡೆಯ ತಂತಿಗೆ ಬಟ್ಟೆ ಒಣಹಾಕುವ ಒಂದು ಕ್ಲಿಪ್ ಸಿಕ್ಕಿಸಿ. ಇಲ್ಲದಿದ್ದರೆ ಅದು ಸರ್ರನೆ ತೂತಿನೊಳಗೆ ಜಾರಿ ಹೋಗುತ್ತದೆ. ನಾನು ಕ್ಲಿಪ್ ಹಾಕಲಿಲ್ಲ. ಅರವತ್ತು ಲೀಟರಿನ ಓವನ್ ಅನ್ನು ಕಪಾಟಿನಿಂದ ಹೊರಗೆ ಎಳೆದು, ಅಳಿಯನನ್ನು ಫೋನ್ ಮಾಡಿ ಕರೆಸಿ, ಅರ್ಧ ದಿನ ಹಾಳಾಯಿತು. ಕೆಲವು ಮಾಡೆಲ್‌ಗಳಲ್ಲಿ ಕನೆಕ್ಟರ್ ಹಿಂಬದಿ ಕವರ್ ಒಳಗೇ ಇರುತ್ತದೆ, ಅವರು ಹೇಗೂ ಓವನ್ ಎಳೆಯಲೇಬೇಕು.

ಮೀಟರ್ ಅನ್ನು 2000 ಓಂಗೆ ಇಟ್ಟು ಸೆನ್ಸರ್ ಕಡೆಯ ಎರಡು ಪಿನ್ ಮುಟ್ಟಿಸಿ. ಅಂಕಿ ಬರದೆ ಮೀಟರ್ ಸುಮ್ನೆ 1 ಅಂತಲೋ ಓಎಲ್ ಅಂತಲೋ ತೋರಿಸಿದರೆ ಸೆನ್ಸರ್ ಒಳಗೆ ತುಂಡಾಗಿದೆ. ಸೊನ್ನೆ ಹತ್ತಿರ ತೋರಿಸಿದರೆ ಶಾರ್ಟ್. ಎರಡರಲ್ಲೂ ಸೆನ್ಸರ್ ಬದಲಿಸಿ, ಬೋರ್ಡ್‌ಗೆ ಹೋಲಿಸಿದರೆ ಅದರ ಬೆಲೆ ಏನೇನೂ ಅಲ್ಲ. ಅಂಕಿ ಸರಿ ಬಂದರೆ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಕೈ ಶಾಖಕ್ಕೆ ಅಂಕಿ ನಿಧಾನ ಬದಲಾಗಬೇಕು. ಬೇಸಿಗೆಯಲ್ಲಿ ನಮ್ಮ ಕೈಗೂ ರೂಮಿಗೂ ವ್ಯತ್ಯಾಸವೇ ಇರಲ್ಲ, ಆಗ ಮಂಜುಗಡ್ಡೆಯ ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತುದಿಗೆ ಹಿಡಿಯಿರಿ, ಅಂಕಿ ಇಳಿಯುವುದು ಕಾಣುತ್ತದೆ. ಏರಿಳಿತ ನಯವಾಗಿ ಇರಬೇಕು, ಟಕ್ ಟಕ್ ಅಂತ ಹಾರಬಾರದು. ಆಮೇಲೆ ಒಂದು ಪಿನ್ ಹಾಗೂ ಕಡ್ಡಿಯ ಲೋಹದ ಮೈ ನಡುವೆ ಅಳೆಯಿರಿ, ಅಲ್ಲಿ ಏನೂ ಬರಬಾರದು.

ನನ್ನದರಲ್ಲಿ ಎಲ್ಲ ಸರಿ ಇತ್ತು. ಹಾಗಾದರೆ ಬೋರ್ಡ್ ಅಂತೀರಾ? ಕನೆಕ್ಟರ್ ನೋಡಿದೆ. ಒಂದು ಪಿನ್ ಕಪ್ಪಾಗಿತ್ತು, ಪಿನ್ ಕೂರುವ ಹೆಣ್ಣು ಭಾಗ ಅಗಲವಾಗಿ ಸಡಿಲವಾಗಿತ್ತು. ಆಗ ನೆನಪಾಯಿತು, ಅದಕ್ಕೂ ಎರಡು ವಾರ ಮುಂಚಿನಿಂದ ನಾನ್‌ಖಟಾಯಿ ಬೆಳ್ಳಗೇ ಉಳಿಯುತ್ತಿದ್ದವು. 170ಕ್ಕೆ ಹದಿನೆಂಟು ನಿಮಿಷ ಇಟ್ಟರೂ ಒಳಗೆ ಹಸಿ. ನಾನು ಮೈದಾ ಬೈದೆ, ತುಪ್ಪ ಬೈದೆ, ಹೊಸ ಅಂಗಡಿಯವನನ್ನೂ ಬೈದೆ. ನಡೆದದ್ದು ಬೇರೆ. ಸಡಿಲ ಪಿನ್ ಕೂಡ ಒಂದು ರೆಸಿಸ್ಟೆನ್ಸ್. ಅದು 80 ಓಂ ಸೇರಿಸಿದರೆ ಬೋರ್ಡ್ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿ ಜಾಸ್ತಿ ಬಿಸಿ. ಪರದೆ 170 ಅನ್ನುತ್ತದೆ, ಒಳಗೆ 150 ಇರುತ್ತದೆ. ಪಿನ್ ಇನ್ನೂ ಸಡಿಲವಾಗಿ ಕೊನೆಗೊಂದು ದಿನ ಪೂರ್ತಿ ಬಿಟ್ಟಿತು, ಆಗ ಎಫ್3 ಬಂತು. ಅಂದರೆ ಕೋಡ್‌ಗಿಂತ ಎರಡು ವಾರ ಮುಂಚೆ ಬಿಸ್ಕೀಟು ಹೇಳಿತ್ತು, ನಮಗೆ ಕೇಳಿಸಲಿಲ್ಲ.

ಪಿನ್ ಅನ್ನು ಸಣ್ಣ ಅರದಿಂದ ಉಜ್ಜಿ, ಹೆಣ್ಣು ಭಾಗವನ್ನು ಇಕ್ಕಳದಿಂದ ತುಸು ಬಿಗಿ ಮಾಡಿ ಕೂರಿಸಿದೆ. ಒಂದು ವರ್ಷವಾಗುತ್ತಾ ಬಂತು. ತಂತಿ ತುಂಡಾಗಿದ್ದರೆ ಮಾತ್ರ ಸಾದಾ ಟೇಪ್ ಸುತ್ತಬೇಡಿ, ಆ ಶಾಖಕ್ಕೆ ಕರಗುತ್ತದೆ. ಓವನ್‌ಗೆ ಅಂತಲೇ ಸಿಗುವ ಫೈಬರ್‌ಗ್ಲಾಸ್ ತಂತಿ, ಪಿಂಗಾಣಿ ಕನೆಕ್ಟರ್ ಬೇಕು.

ಇನ್ನೊಂದು, ತಳಕ್ಕೆ ಗೋಡೆಗೆ ಎಲ್ಲ ಅಲ್ಯುಮಿನಿಯಂ ಫಾಯಿಲ್ ಹಾಕುವವರಿದ್ದಾರೆ, ತೊಳೆಯುವುದು ತಪ್ಪಲಿ ಅಂತ. ಫಾಯಿಲ್ ಸೆನ್ಸರ್‌ಗೆ ತಾಗಿದರೆ ಅಥವಾ ಗಾಳಿ ತಡೆದರೆ ಅದು ಓದುವುದೆಲ್ಲ ತಪ್ಪು. ತೆಗೆದುಬಿಡಿ.

ಉಳಿದವು

ಶಾಖ ಮಿತಿಮೀರಿದ ಕೋಡ್, ಅಂದರೆ ಜಿಇ ಎಫ್2, ಫ್ರಿಜಿಡೇರ್ ಎಫ್10, ಇಂಥದ್ದು ಬಂದರೆ ಆಟ ಬೇಡ. ತಕ್ಷಣ ಮೇನ್ ಆರಿಸಿ, ಬಾಗಿಲು ಮುಚ್ಚಿಯೇ ಇರಲಿ. ಸೆನ್ಸರ್ ತಪ್ಪು ಓದಿರಬಹುದು, ಇಲ್ಲ ಬೋರ್ಡ್ ಮೇಲೆ ಕಾಯಿಲ್ ಹಚ್ಚಿ ಆರಿಸುವ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡು ಕಾಯಿಲ್ ಆರುತ್ತಲೇ ಇಲ್ಲದಿರಬಹುದು. ಓವನ್ ಆರಿಸಿದ ಮೇಲೂ ಕಾಯಿಲ್ ಕೆಂಪಗೇ ಉಳಿದಿದ್ದು ಕಂಡರೆ ರಿಲೇನೇ. ಇದರಲ್ಲಿ ಬೋರ್ಡ್ ಕೆಲಸ ನಿಜವಾಗಿಯೂ ಬರುತ್ತದೆ, ರಿಪೇರಿಯವರೇ ಬೇಕು, ಅಲ್ಲಿ ತನಕ ಹಚ್ಚಲೇಬೇಡಿ.

ಬಾಗಿಲ ಕೋಡ್ ಸುಲಭ. ಫ್ರಿಜಿಡೇರ್‌ನಲ್ಲಿ ಎಫ್90, ಜಿಇಯಲ್ಲಿ ಎಫ್9, ವರ್ಲ್‌ಪೂಲ್‌ನಲ್ಲಿ ಎಫ್5ರಿಂದ ಶುರುವಾಗುವವು. ಬೀಗದ ತೂತಿನಲ್ಲಿ ರೊಟ್ಟಿ ಚೂರು, ಜಿಡ್ಡು ಇದೆಯಾ, ರಬ್ಬರ್ ಗ್ಯಾಸ್ಕೆಟ್ ಮಡಚಿದೆಯಾ ನೋಡಿ. ತಾನೇ ಸ್ವಚ್ಛ ಮಾಡಿಕೊಳ್ಳುವ ಪೈರೊಲಿಟಿಕ್ ಓವನ್ ಇದ್ದರೆ ಅದು ಸುಮಾರು 480 ಡಿಗ್ರಿಗೆ ಏರುತ್ತದೆ, ತಣ್ಣಗಾಗುವ ತನಕ ಬಾಗಿಲು ಬಿಡಲ್ಲ, ಜಗ್ಗಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಆ ಸೌಲಭ್ಯವನ್ನು ಹಬ್ಬದ ಹಿಂದಿನ ದಿನವಂತೂ ಮುಟ್ಟಬಾರದು, ಕೆಡುವುದಿದ್ದರೆ ಆ ಶಾಖದಲ್ಲೇ ಕೆಡುವುದು.

ಪರದೆಗೂ ಬೋರ್ಡಿಗೂ ಮಾತು ನಿಂತಿದೆ ಅನ್ನುವ ಕೋಡ್, ಸ್ಯಾಮ್‌ಸಂಗ್‌ನ ಸಿ-ಎಫ್0 ಇಂಥದ್ದು, ರೀಸೆಟ್‌ಗೆ ಹೋಗದಿದ್ದರೆ ಒಳಗಿನ ಕೇಬಲ್ ಅಥವಾ ಬೋರ್ಡ್. ರಿಪೇರಿಯವರು ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿ. ಉಬ್ಬಿದ ಕೆಪಾಸಿಟರ್, ಸುಟ್ಟ ಕಲೆ, ಇಲ್ಲ ಸತ್ತ ಹಲ್ಲಿ. ನಗಬೇಡಿ, ಬೆಚ್ಚಗಿನ ಜಾಗ ಅಂತ ಹಲ್ಲಿ ಬೋರ್ಡ್ ಮೇಲೆ ಹೋಗಿ ಶಾರ್ಟ್ ಮಾಡುತ್ತದೆ. ಕೆಪಾಸಿಟರ್ ಒಂದೇ ಹೋಗಿದ್ದರೆ ಟಿವಿ ರಿಪೇರಿ ಮಾಡುವವರು ಕೂಡ ಬದಲಿಸಿ ಕೊಡುತ್ತಾರೆ.

ಕೋಡ್ ಏನೂ ಇಲ್ಲ, ಆದರೆ ಹಚ್ಚಿದ ತಕ್ಷಣ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ ಅಂದರೆ ಕಾಯಿಲ್ ನೋಡಿಸಿ. ಕಾಯಿಲ್ ಒಳಗೆ ತುಂಬಿರುವ ಪುಡಿ ತೇವ ಹೀರುತ್ತದೆ. ಮಳೆಗಾಲ ಪೂರ್ತಿ ಬಳಸದೆ ಇಟ್ಟು ದೀಪಾವಳಿಗೆ ಹಚ್ಚಿದವರಿಗೆ ಇದು ಆಗುವುದು. ಬಿಸಿಯೇ ಆಗದಿದ್ದರೆ ಪ್ಲಗ್ ಕಿತ್ತು, ಕಾಯಿಲ್‌ನ ಒಂದು ತಂತಿ ಬಿಡಿಸಿ ಓಂ ಅಳೆದರೆ 2000 ವಾಟ್‌ನದು 26ರ ಆಸುಪಾಸು, 1000 ವಾಟ್‌ನದು 53ರ ಆಸುಪಾಸು ತೋರಿಸಬೇಕು.

ರಿಪೇರಿಯವರನ್ನು ಕರೆಯುವಾಗ

ಫೋನಿನಲ್ಲೇ ಮಾಡೆಲ್ ನಂಬರ್, ಕೋಡ್, ಯಾವಾಗ ಬರುತ್ತದೆ ಅನ್ನೋದನ್ನು ಹೇಳಿ. ಬಂದ ಮೇಲೆ, "ಸೆನ್ಸರ್ ಓಂ ಎಷ್ಟದರೀ, ನನ್ನ ಮುಂದ ಅಳದು ತೋರಸ್ರಿ" ಅನ್ನಿ. ಜಗಳ ಬೇಡ, ಚಹಾ ಕೊಟ್ಟೇ ಕೇಳಿ. ಕೆಲಸ ಗೊತ್ತಿದ್ದವರು ಖುಷಿಯಿಂದ ತೋರಿಸುತ್ತಾರೆ. ಬೋರ್ಡ್ ಬದಲಿಸಿದರೆ ಹಳೆಯದನ್ನು ಕೇಳಿ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ಸ್ಪೇರ್ ಇಲ್ಲಿ ಸಿಗಲಿಲ್ಲ ಅಂದರೆ ಹೈದರಾಬಾದ್ ಕಡೆ ಯಾರಾದರೂ ಹೋಗುವವರಿದ್ದರೆ ಹೇಳಿ, ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ವಾರಂಟಿ ಇದ್ದೂ ದುಡ್ಡು ಕೇಳಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ವಾರಂಟಿ ಇರುವಾಗ ನೀವೇ ಸ್ಕ್ರೂ ಬಿಚ್ಚಬೇಡಿ, ಅದನ್ನೇ ನೆಪ ಮಾಡುತ್ತಾರೆ.

ನಾನು ಈಗ ಓವನ್ ಪಕ್ಕದ ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಮಾಡೆಲ್ ನಂಬರ್, ಅದರ ಕೆಳಗೆ ಓವನ್ ಚೆನ್ನಾಗಿದ್ದಾಗ ಅಳೆದ ಸೆನ್ಸರ್ ಲೆಕ್ಕ. ಮೇ ತಿಂಗಳು, ರೂಮು 38 ಡಿಗ್ರಿ, 1147 ಓಂ. ಜನವರಿ, 24 ಡಿಗ್ರಿ, 1093 ಓಂ. ಅವ್ವ ಮೊನ್ನೆ ಅದನ್ನು ನೋಡಿ, ಹಾಲಿನವನ ಲೆಕ್ಕ ಅಂದುಕೊಂಡು ಕೆಳಗೆ "2 ಲೀಟರ್ ಬಾಕಿ" ಅಂತ ಬರೆದಿದ್ದಾಳೆ.